‘ಬೆಳಗಾಗಲಿ, ನೋಡೋಣ’ ಎನ್ನುವ ಮುನ್ನ



ಊಟಕ್ಕೆ ಕೂತ ಹಿರಿಯರ ಕೈಯಿಂದ ತುತ್ತು ಜಾರುತ್ತದೆ. ಮಾತು ತೊದಲುತ್ತದೆ, ಬಾಯಿ ಒಂದು ಕಡೆಗೆ ಓರೆಯಾಗುತ್ತದೆ. ‘ಸುಸ್ತಾಗಿರಬೇಕು, ಮಲಗಲಿ, ಬೆಳಗಾಗಲಿ ನೋಡೋಣ’ ಎನ್ನುವ ಮನೆಗಳು ಇಂದಿಗೂ ಎಷ್ಟೋ ಇವೆ. ಆ ಮನೆಯವರಿಗೆ ಹಿರಿಯರ ಮೇಲೆ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ಲಕ್ವ ಹೊಡೆದ ಮೇಲೆ ಮಾಡುವುದಕ್ಕೇನೂ ಇಲ್ಲ ಎಂಬ ಮಾತು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಿಜವೇ ಆಗಿತ್ತು. ಅದು ಯಾವಾಗ ಸುಳ್ಳಾಯಿತು ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ.

ಗ್ರೀಸಿನ ಹಿಪಾಕ್ರಟಿಸನ ಪರಂಪರೆಯ ವೈದ್ಯರಿಗೆ ಈ ಕಾಯಿಲೆ ಚೆನ್ನಾಗಿ ಗೊತ್ತಿತ್ತು. ಜೋರಾಗಿ ಬಡಿದರೆ ವಾಸಿಯಾಗದು, ಮೆಲ್ಲಗೆ ಬಡಿದರೂ ವಾಸಿಯಾಗುವುದು ಸುಲಭವಲ್ಲ ಎಂಬುದು ಅವರ ತೀರ್ಮಾನ. ನಮ್ಮ ಚರಕಸಂಹಿತೆ ಇದನ್ನು ವಾತರೋಗಗಳ ಸಾಲಿಗೆ ಸೇರಿಸಿತು. ಲಕ್ಷಣಗಳನ್ನು ಎಲ್ಲರೂ ಕಂಡಿದ್ದರು. ತಲೆಬುರುಡೆಯ ಒಳಗೆ ಏನಾಗಿದೆ ಎಂದು ನೋಡುವ ದಾರಿ ಮಾತ್ರ ಇರಲಿಲ್ಲ.

ಆ ದಾರಿ ತೆರೆದವನು ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಊರಿನ ವೈದ್ಯ ಯೋಹಾನ್ ಯಾಕೋಬ್ ವೆಪ್ಫರ್. ಹೀಗೆ ಕುಸಿದು ಸತ್ತವರ ಶವಗಳನ್ನು ತೆರೆದು ಪರೀಕ್ಷಿಸಿದಾಗ ಮಿದುಳಿನಲ್ಲಿ ರಕ್ತ ಹರಿದು ಹೆಪ್ಪುಗಟ್ಟಿದ್ದು ಅವನಿಗೆ ಕಂಡಿತು. 1658ರಲ್ಲಿ ಅದನ್ನು ಪುಸ್ತಕವಾಗಿ ಬರೆದ. ಮಿದುಳಿಗೆ ಹೋಗುವ ರಕ್ತನಾಳ ಕಟ್ಟಿಕೊಂಡರೂ ಹೀಗಾಗಬಹುದೆಂದು ಸೂಚಿಸಿದ. ಇವತ್ತಿನ ವೈದ್ಯರು ಹೇಳುವುದೂ ಇದೇ ಎರಡು ಬಗೆ: ನಾಳ ಒಡೆಯುವುದು, ನಾಳ ಕಟ್ಟಿಕೊಳ್ಳುವುದು. ಕಟ್ಟಿಕೊಳ್ಳುವುದೇ ಹೆಚ್ಚು. ಹೆಪ್ಪುಗಟ್ಟಿದ ರಕ್ತದ ಚೂರು ದೇಹದ ಬೇರೆಡೆಯಿಂದ ಹರಿದುಬಂದು ನಾಳಕ್ಕೆ ಸಿಕ್ಕಿಕೊಳ್ಳಬಹುದು ಎಂಬುದನ್ನು ಸುಮಾರು ಇನ್ನೂರು ವರ್ಷಗಳ ನಂತರ ಜರ್ಮನಿಯ ರುಡಾಲ್ಫ್ ವಿರ್ಚೋ ವಿವರಿಸಿದ.

ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹಳ ಕಾಡುವವನು ಒಬ್ಬ ರೋಗಿ. 1861ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಬ್ರೋಕಾ ಎಂಬ ಶಸ್ತ್ರವೈದ್ಯನ ಬಳಿಗೆ ಲೆಲಾಂಗ್ ಎಂಬ 84 ವರ್ಷದ ಮುದುಕ ಬಂದ. ಅದಕ್ಕೂ ಮೊದಲೇ ಕುಸಿದು ಬಿದ್ದು ಮಾತು ಕಳೆದುಕೊಂಡಿದ್ದ. ಬಾಯಿಂದ ಬರುತ್ತಿದ್ದುದು ಐದೇ ಮಾತು: ಹೌದು, ಇಲ್ಲ, ಮೂರು, ಯಾವಾಗಲೂ, ಮತ್ತು ತನ್ನದೇ ಹೆಸರಿನ ತುಂಡು. ಮಕ್ಕಳೆಷ್ಟು ಎಂದು ಕೇಳಿದರೆ ‘ಮೂರು’ ಎನ್ನುತ್ತಿದ್ದ, ಆದರೆ ನಾಲ್ಕು ಬೆರಳು ಎತ್ತುತ್ತಿದ್ದ. ಗಂಡುಮಕ್ಕಳೆಷ್ಟು? ಮತ್ತೆ ‘ಮೂರು’, ಬೆರಳು ಮಾತ್ರ ಎರಡು. ಲೆಕ್ಕ ಅವನಿಗೆ ಸರಿಯಾಗಿಯೇ ಗೊತ್ತಿತ್ತು, ಸಂಖ್ಯೆ ಹೇಳಹೋದರೆ ನಾಲಿಗೆಗೆ ಬರುತ್ತಿದ್ದುದು ಅದೊಂದೇ ಶಬ್ದ. ಅವನು ಸತ್ತ ಮೇಲೆ ನೋಡಿದರೆ ಮಿದುಳಿನ ಎಡಭಾಗದ ಮುಂದಿನ ತುಣುಕೊಂದು ಹಾಳಾಗಿತ್ತು. ಮಾತಿಗೆ ಮಿದುಳಿನಲ್ಲಿ ಒಂದು ನೆಲೆಯಿದೆ ಎಂಬುದು ಇಂಥ ರೋಗಿಗಳಿಂದ ಜಗತ್ತಿಗೆ ತಿಳಿಯಿತು. ಲಕ್ವದಿಂದ ಮಾತು ಹೋದವರ ಎದುರೇ ‘ಇವರಿಗೇನೂ ತಿಳಿಯುವುದಿಲ್ಲ’ ಎಂದು ನಾವು ಆಡುವುದನ್ನು ಕೇಳಿದಾಗಲೆಲ್ಲ ನನಗೆ ಆ ನಾಲ್ಕು ಬೆರಳು ನೆನಪಾಗುತ್ತವೆ.

ಇಷ್ಟೆಲ್ಲ ತಿಳಿದರೂ ಚಿಕಿತ್ಸೆ ಇರಲಿಲ್ಲ. ತಡೆಯಬಹುದೆಂಬ ಅರಿವೂ ತಡವಾಗಿ ಬಂತು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗ ಸಿಡಿಯುತ್ತಿದೆ ಎಂದು ಹೇಳಿ ಕುಸಿದು, ಕೆಲವೇ ಗಂಟೆಗಳಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ರಕ್ತದೊತ್ತಡ 300ನ್ನು ಮುಟ್ಟಿತ್ತು. ಬಿಪಿ ಏರಿದೆಯೆಂದು ವೈದ್ಯರಿಗೆ ಮೊದಲೇ ಗೊತ್ತಿದ್ದರೂ ಅದನ್ನು ಇಳಿಸುವ ಒಳ್ಳೆಯ ಮಾತ್ರೆ ಆಗ ಇರಲಿಲ್ಲ. 1948ರಲ್ಲಿ ಫ್ರೇಮಿಂಗ್‌ಹ್ಯಾಂ ಎಂಬ ಊರಿನಲ್ಲಿ ಶುರುವಾದ ದೀರ್ಘ ಅಧ್ಯಯನ, ಪಾರ್ಶ್ವವಾಯುವಿಗೆ ಬಿಪಿಯೇ ಬಹು ದೊಡ್ಡ ಕಾರಣವೆಂದು ಮುಂದೆ ತೋರಿಸಿಕೊಟ್ಟಿತು. ದೇಶದ ಅಧ್ಯಕ್ಷರಿಗೂ ಸಿಗದ ಮಾತ್ರೆ ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ತಲೆಸುತ್ತು ನಿಂತಿತೆಂದು ಅದನ್ನು ನಡುವೆ ಬಿಡಬೇಡಿ, ದಯವಿಟ್ಟು.

ನಿಜವಾದ ತಿರುವು 1971ರ ಅಕ್ಟೋಬರಿನಲ್ಲಿ. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ರೂಪಿಸಿದ ಸಿಟಿ ಸ್ಕ್ಯಾನ್ ಯಂತ್ರ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳನ್ನು ತೋರಿಸಿತು. ನಾಳ ಒಡೆದಿದೆಯೋ ಕಟ್ಟಿದೆಯೋ ಎಂದು ಜೀವಂತ ಮನುಷ್ಯನಲ್ಲಿ ಹೇಳಲು ಆಗ ಸಾಧ್ಯವಾಯಿತು. ಎರಡರ ಚಿಕಿತ್ಸೆಯೂ ಒಂದಕ್ಕೊಂದು ವಿರುದ್ಧ. 1995ರಲ್ಲಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ಅಂಗವಿಕಲತೆ ಕಡಿಮೆಯಾಗುತ್ತದೆಂದು ಸಾಬೀತಾಯಿತು. 2008ರಲ್ಲಿ ಆ ಗಡುವು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. 2015ರಿಂದ, ದೊಡ್ಡ ನಾಳದ ಹೆಪ್ಪನ್ನು ತೊಡೆಯ ನಾಳದ ಮೂಲಕ ತಂತಿ ತೂರಿಸಿ ಎಳೆದು ತೆಗೆಯುವ ಕ್ರಮವೂ ಗಟ್ಟಿಯಾಯಿತು. ದೊಡ್ಡ ನಾಳ ಕಟ್ಟಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ. ಬೆಳಗಿನವರೆಗೆ ಕಾಯುವುದು ಎಂದರೆ ಏನೆಂದು ನೀವೇ ಊಹಿಸಿ.

ಆದ್ದರಿಂದ ಇಷ್ಟನ್ನು ನೆನಪಿಡಿ. ನಗಲು ಹೇಳಿ, ಬಾಯಿ ಒಂದು ಕಡೆ ಜೋತಿದೆಯೇ ನೋಡಿ. ಎರಡೂ ಕೈ ಎತ್ತಲು ಹೇಳಿ, ಒಂದು ಕೆಳಗೆ ಜಾರುತ್ತಿದೆಯೇ ನೋಡಿ. ಒಂದು ವಾಕ್ಯ ಹೇಳಿಸಿ. ಯಾವುದೊಂದು ತಪ್ಪಿದರೂ 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಇದ್ದಕ್ಕಿದ್ದಂತೆ ಒಂದು ಕಣ್ಣು ಮಂಜಾಗುವುದು, ನಡಿಗೆ ತೂರಾಡುವುದು, ಹಿಂದೆಂದೂ ಕಾಣದ ತಲೆನೋವು ಕೂಡ ಎಚ್ಚರಿಕೆಯೇ. ಕೊನೆಯದಾಗಿ ಯಾವಾಗ ಸರಿಯಿದ್ದರು ಎಂಬ ಹೊತ್ತು ವೈದ್ಯರಿಗೆ ಬೇಕು. ಬಾಯಿಗೆ ನೀರು ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋದೀತು. ಎಣ್ಣೆ ತಿಕ್ಕುತ್ತ, ನಾಟಿ ಔಷಧಿ ಹುಡುಕುತ್ತ ಆ ಗಂಟೆಗಳನ್ನು ಕಳೆಯಬೇಡಿ. ಹತ್ತು ನಿಮಿಷದಲ್ಲಿ ತಾನಾಗಿಯೇ ಸರಿಹೋಯಿತೆಂದು ಬಿಟ್ಟುಬಿಡುವುದಂತೂ ಅಪಾಯ. ಅದರ ಬೆನ್ನಿಗೇ, ಕೆಲವೇ ದಿನಗಳಲ್ಲಿ ದೊಡ್ಡ ಆಘಾತ ಬರಬಹುದು.

ಬದುಕುಳಿದವರ ಕಥೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಶುರುವಾಗುತ್ತದೆ. ಕೈಕಾಲಿನ ಬಲಹೀನತೆ ಕಣ್ಣಿಗೆ ಕಾಣುತ್ತದೆ. ಭುಜದ ನೋವು, ತೀರದ ಆಯಾಸ, ಕಾರಣವಿಲ್ಲದೆ ಉಕ್ಕುವ ಅಳು ಕಾಣುವುದಿಲ್ಲ. ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಔಷಧವಿದೆ. ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೊಮರ್ 1990ರಲ್ಲಿ ಲಕ್ವದಿಂದ ಮಾತನ್ನೂ ಬಲಗೈಯ ಬಲವನ್ನೂ ಕಳೆದುಕೊಂಡರು. ಎಡಗೈಯೊಂದರಲ್ಲೇ ಪಿಯಾನೊ ನುಡಿಸುತ್ತ, ಮತ್ತೂ ಕವನ ಸಂಕಲನ ತಂದರು. 2011ರಲ್ಲಿ ನೊಬೆಲ್ ಪಡೆದರು. ಎಲ್ಲರಿಗೂ ಹೀಗಾಗದು, ನಿಜ. ಆದರೆ ‘ಆರು ತಿಂಗಳಾಯಿತು, ಇನ್ನೇನೂ ಸುಧಾರಿಸದು’ ಎಂದು ವ್ಯಾಯಾಮವನ್ನೂ ಮಾತಿನ ತರಬೇತಿಯನ್ನೂ ನಿಲ್ಲಿಸುವುದು ತಪ್ಪು. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಬೇಗ, ಆಮೇಲೆ ನಿಧಾನ. ಮಾತು ವರ್ಷಗಳ ಬಳಿಕವೂ ಸುಧಾರಿಸಿದ್ದುಂಟು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ತಜ್ಞರಿದ್ದಾರೆ, ಕನ್ನಡದಲ್ಲೇ ಕಲಿಸುತ್ತಾರೆ. ಮನೆಯಲ್ಲಿ ನೀವು ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಹೌದು ಇಲ್ಲವೆಂದರೆ ಸಾಕಾಗುವಂಥದ್ದು. ದನಿ ಏರಿಸಬೇಡಿ, ಅವರಿಗೆ ಕಿವಿ ಕೇಳಿಸುತ್ತದೆ. ಅವರ ಮಾತನ್ನು ನೀವು ಮುಗಿಸದೆ, ಅವರೇ ಮುಗಿಸುವವರೆಗೆ ಕಾಯಿರಿ.