ಬಜೆ: ಹೆಸರು ಒಂದು, ಗಿಡ ಮೂರು
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಬಾಣಂತಿ ಕೋಣೆಯ ವಾಸನೆ ಬಲ್ಲವರಿಗೆ ಬಜೆಯ ಪರಿಚಯ ಬೇಕಿಲ್ಲ. ಹೊಟ್ಟೆನುಲಿತಕ್ಕೆ ಕೂಸಿಗೆ ನೆಕ್ಕಿಸಲೆಂದು ನಮ್ಮಜ್ಜಿ ಬಜೆಯ ತುಂಡನ್ನು ಹರಳೆಣ್ಣೆ ದೀಪದಲ್ಲಿ ಕರ್ರಗೆ ಸುಟ್ಟು, ಕಲ್ಲಿನ ಮೇಲೆ ಎದೆಹಾಲು ಬಿಟ್ಟು ತೇಯುತ್ತಿದ್ದರು. ‘ಎರಡೇ ಸುತ್ತು’ ಎನ್ನುವರು. ಮೂರನೆಯ ಸುತ್ತಿಗೆ ಕೈ ಹಾಕಿದ ಸೊಸೆಗೆ ಬೈಗುಳ ತಪ್ಪುತ್ತಿರಲಿಲ್ಲ. ಆ ಎಣಿಕೆಯ ಅರ್ಥ ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ರಸಾಯನಶಾಸ್ತ್ರ ಓದುವಾಗ.

ಸಂಸ್ಕೃತದಲ್ಲಿ ವಚಾ, ಸಸ್ಯಶಾಸ್ತ್ರದಲ್ಲಿ ಅಕೋರಸ್ ಕೆಲಾಮಸ್. ಕತ್ತಿಯಂಥ ಎಲೆ, ಕೆಸರಿನೊಳಗೆ ಹರಿಯುವ ಗಂಟುಗಂಟಾದ ಬೇರುಕಾಂಡ. ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆಯಲ್ಲಿ ಇದನ್ನು ಗದ್ದೆಯಲ್ಲಿ ಬೆಳೆಯುತ್ತಾರೆ. ಹಿಂದೆ ಕೆಸುವಿನ ಕುಟುಂಬಕ್ಕೆ ಸೇರಿಸಿದ್ದ ಈ ಗಿಡಕ್ಕೆ ಈಗ ತನ್ನದೇ ಕುಟುಂಬವಿದೆ. ಭತ್ತ, ಬಾಳೆ, ತೆಂಗುಗಳಿರುವ ಏಕದಳ ವಂಶದಲ್ಲಿ ಎಲ್ಲರಿಗಿಂತ ಮೊದಲು ಬೇರೆ ಮನೆ ಮಾಡಿದ್ದು ಇದೇ.

ಬೇರುಕಾಂಡವನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ಘಾಟು ಪರಿಮಳದ ತೈಲ ಸಿಗುತ್ತದೆ. ಅದರ ಯಜಮಾನ ಬೀಟಾ ಅಸರೋನ್. ಬೆಂಜೀನ್ ಉಂಗುರಕ್ಕೆ ಮೂರು ಮೆಥಾಕ್ಸಿ ಗುಂಪು, ಜೊತೆಗೆ ಮೂರು ಇಂಗಾಲದ ಬಾಲ. ಜೋಡಿಬಂಧದ ಬಳಿ ಬಾಲ ಉಂಗುರದ ಕಡೆಗೇ ಮಡಿಚಿದ್ದರೆ ಬೀಟಾ, ಆಚೆಗೆ ಚಾಚಿದ್ದರೆ ಆಲ್ಫಾ.

ಈ ಯಜಮಾನ ಎಲ್ಲ ಬಜೆಯಲ್ಲೂ ಇಲ್ಲ. ಉತ್ತರ ಅಮೆರಿಕದ ಬಜೆಯಲ್ಲಿ 24 ವರ್ಣತಂತುಗಳು. ಅದರ ತೈಲದಲ್ಲಿ ಬೀಟಾ ಅಸರೋನ್ ಇಲ್ಲವೆಂದೇ ಹೇಳಬೇಕು. ಯುರೋಪಿನದರಲ್ಲಿ 36, ಬೀಜ ಕಟ್ಟದ ಬಂಜೆಗಿಡ, ಅಸರೋನ್ ಅಲ್ಪ. ಭಾರತ ಮತ್ತು ಪೂರ್ವ ಏಷ್ಯಾದಲ್ಲಿ ಸಿಗುವ 48ರ ಗಿಡದ ತೈಲದಲ್ಲಿ ಹಲವೊಮ್ಮೆ ಮುಕ್ಕಾಲು ಪಾಲಿಗಿಂತ ಹೆಚ್ಚು ಅದೇ.

ಅದರ ಕೆಲಸವೇನು? ಕಾಳಿಗೆ ಬೀಳುವ ಹುಳುಗಳ ಸಂತಾನಶಕ್ತಿಯನ್ನೇ ಅದು ಕುಂದಿಸುತ್ತದೆ. ಬಿತ್ತನೆ ಕಾಳಿಗೆ ಬಜೆಪುಡಿ ಬೆರೆಸುವವರ ಜಾಣ್ಮೆಗೆ ಇದೇ ಆಧಾರ. ಆದರೆ ಹೊಟ್ಟೆನುಲಿತದ ಮಾತು ಬೇರೆ. ಕರುಳಿನ ಸೆಳೆತ ಸಡಿಲಿಸುವ ಗುಣ ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡದ್ದು ಬೀಟಾ ಅಸರೋನ್ ಇಲ್ಲದ ತೈಲದಲ್ಲಿ! ಇತ್ತ ಜಮ್ಮುವಿನ ಬಜೆ ತೈಲವನ್ನು ಆಹಾರದಲ್ಲಿ ತಿಂದ ಇಲಿಗಳ ಕರುಳಿನಲ್ಲಿ ಗಡ್ಡೆ ಕಂಡ ವರದಿ 1967ರಲ್ಲಿ ಬಂತು. 1968ರಲ್ಲಿ ಅಮೆರಿಕ ಬಜೆಯನ್ನು ಆಹಾರದಲ್ಲಿ ಬಳಸುವುದನ್ನೇ ನಿಷೇಧಿಸಿತು.

ಹಾಗಾದರೆ ಅಜ್ಜಿ ತಪ್ಪೇ? ಆಯುರ್ವೇದ ಬಜೆಯನ್ನು ಹಸಿಹಸಿಯಾಗಿ ನಂಬಲಿಲ್ಲ. ಗೋಮೂತ್ರದಲ್ಲಿ ಕುದಿಸಿ ಶೋಧಿಸಿ ಎಂದಿತು. ಅಸರೋನ್ ಹಬೆಯೊಡನೆ ಹಾರುವಂಥದ್ದು. ಕುದಿಸುವಾಗ, ಸುಡುವಾಗ ಸ್ವಲ್ಪವಾದರೂ ಹೋಗಿರಬೇಕು ಎಂದು ನನ್ನ ಊಹೆ. ಹಾಗೆಂದು ಕೂಸಿಗೆ ನೆಕ್ಕಿಸಿ ಎಂದು ನಾನು ಹೇಳುತ್ತಿಲ್ಲ. ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡ ಎಂಬ ಇಂದಿನ ವೈದ್ಯರ ಮಾತೇ ಸರಿ. ಅಜ್ಜಿಯಿಂದ ನಾನು ಉಳಿಸಿಕೊಳ್ಳುವುದು ಬಜೆಯನ್ನಲ್ಲ, ಆ ಅಂಜಿಕೆಯನ್ನು.

ಮೊನ್ನೆ ಗ್ರಂಥಿಗೆ ಅಂಗಡಿಯಲ್ಲಿ ಬಜೆಪುಡಿಯ ಪೊಟ್ಟಣ ಕೊಂಡೆ. ಮೇಲೆ ‘ಶುದ್ಧ ನೈಸರ್ಗಿಕ’ ಎಂದಿತ್ತು. ಎಲ್ಲಿಯ ಬಜೆ, ಶೋಧಿಸಿದ್ದೋ ಇಲ್ಲವೋ, ಅಸರೋನ್ ಎಷ್ಟು, ಒಂದೂ ಇರಲಿಲ್ಲ. ಸುತ್ತು ಎಣಿಸಲು ಅಜ್ಜಿಯೂ ಇರಲಿಲ್ಲ.