ಕುಂಡದ ಸೂಚೀಪರ್ಣಿ ಹಳದಿಯಾದಾಗ



ನಮ್ಮ ಮನೆಯ ಜಗಲಿಯಲ್ಲಿ ಆಳೆತ್ತರದ ಒಂದು ಅರಕೇರಿಯಾ ಗಿಡವಿದ್ದಿತು. ನಿವೃತ್ತರಾಗಿ ಊರು ಬಿಟ್ಟು ಹೊರಟ ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ನಮ್ಮ ವಶಕ್ಕೆ ಒಪ್ಪಿಸಿ ಹೋಗಿದ್ದರು. ಒಂದು ಮಳೆಗಾಲದಲ್ಲಿ ಅದರ ಕೆಳಗಿನ ಕೊಂಬೆಗಳು ಹಳದಿಗೆ ತಿರುಗಿದುವು. ಬಾಯಾರಿರಬೇಕೆಂದು ನೀರೆರೆದೆವು, ಹಳದಿ ಹೆಚ್ಚಿತು. ಹಸಿದಿರಬೇಕೆಂದು ಗೊಬ್ಬರವಿಕ್ಕಿದೆವು, ಗಿಡ ಸತ್ತಿತು. ಕುಂಡವನ್ನು ಬೋರಲು ಹಾಕಿ ನೋಡಿದಾಗ ತಳದ ರಂಧ್ರ ಬೇರಿನಿಂದ ಮುಚ್ಚಿಹೋಗಿದ್ದಿತು. ಒಳಗಿನ ಬೇರುಗಳೆಲ್ಲ ಕಂದಿ, ಕೊಳೆತು ನಾರುತ್ತಿದ್ದುವು. ರೋಗಕ್ಕಿಂತ ನಮ್ಮ ಉಪಚಾರವೇ ಅದನ್ನು ಕೊಂದಿತೆಂದು ಹೇಳಬೇಕು. ಪಾಠ ಹೇಳುವವರಿಗೆ ಪ್ರಶ್ನೆಯನ್ನು ಪೂರ್ತಿ ಕೇಳುವ ಮೊದಲೇ ಉತ್ತರ ಕೊಡುವ ಚಾಳಿಯುಂಟು. ಅದರ ಫಲವನ್ನು ಆ ಗಿಡ ಉಂಡಿತು.

ಪೈನ್, ಜೂನಿಪರ್, ಸೈಪ್ರೆಸ್, ಥೂಜಾ, ಅರಕೇರಿಯಾ ಇವೆಲ್ಲ ಸೂಚೀಪರ್ಣಿಗಳ ವರ್ಗಕ್ಕೆ ಸೇರಿದುವು. ನೋಟಕ್ಕೆ ಹಾಗೆಯೇ ಕಾಣುವ ನಮ್ಮ ಸರ್ವೆಮರ ಈ ವರ್ಗದ್ದಲ್ಲ. ಅದು ಹೂಬಿಡುವ ಮರಗಳ ಜಾತಿ. ಬೆಂಗಳೂರಿನವರು ಕ್ರಿಸ್‌ಮಸ್ ಮರವೆಂದು ಕರೆಯುವ ಅರಕೇರಿಯಾ ಶಾಂತಸಾಗರದ ದ್ವೀಪಗಳಿಂದ ಬಂದದ್ದು. ಅದರ ತೌರುಗಳಾದ ನ್ಯೂ ಕ್ಯಾಲಿಡೋನಿಯಾ ಮತ್ತು ನಾರ್ಫೋಕ್ ದ್ವೀಪಗಳನ್ನು ಕ್ಯಾಪ್ಟನ್ ಕುಕ್ ೧೭೭೪ರಲ್ಲಿ ಕಂಡನು. ಸಮುದ್ರದ ಗಾಳಿಯಲ್ಲಿ, ನೀರು ನಿಲ್ಲದ ನೆಲದಲ್ಲಿ ಬೆಳೆದ ಮರವನ್ನು ನಾವು ಒಂದು ಮೊಳದ ಕುಂಡದಲ್ಲಿ ಕೂರಿಸಿದ್ದೇವೆಂಬುದನ್ನು ಮರೆಯಬಾರದು.

ಈ ಜಾತಿಯ ಎರಡು ಸ್ವಭಾವಗಳನ್ನು ಮೊದಲು ತಿಳಿಯತಕ್ಕದ್ದು. ಒಂದು, ಇವು ತಮ್ಮ ಸಂಕಟವನ್ನು ತಡವಾಗಿ ಹೇಳುತ್ತವೆ. ಬೇರು ಕೆಟ್ಟು ವಾರಗಳು ಕಳೆದರೂ ಎಲೆ ಹಸುರಾಗಿಯೇ ಇರಬಹುದು. ಇಂದು ಕಾಣುವ ಹಳದಿ, ದೂರದೂರಿನಿಂದ ತಡವಾಗಿ ಬಂದ ಕಾಗದದಂತೆ, ಹಿಂದಿನ ಸಮಾಚಾರ. ಎರಡು, ಎಲೆಯೆಲ್ಲ ಉದುರಿ ಬೋಳಾದ ಹಳೆಯ ಕೊಂಬೆಯಲ್ಲಿ ಬಹುಪಾಲು ಸೂಚೀಪರ್ಣಿಗಳು ಮತ್ತೆ ಚಿಗುರುವುದಿಲ್ಲ. ಆದುದರಿಂದ ಹಳದಿಯಾದಾಗಲೇ ಕಾರಣವನ್ನು ಅರಿಯಬೇಕು; ಕಂದಾದ ಮೇಲೆ ಅರಿತು ಫಲವಿಲ್ಲ.

ಹಳದಿ ಎಲ್ಲಿ ಮೊದಲು ತೋರಿತೆಂಬುದೇ ಮುಖ್ಯವಾದ ಸಾಕ್ಷಿ. ಕಾಂಡಕ್ಕೆ ಹತ್ತಿರವಿರುವ ಒಳಗಿನ ಎಲೆಗಳು ಮಾತ್ರ ಹಣ್ಣಾಗಿ, ತುದಿಗಳು ಹಸುರಾಗಿದ್ದರೆ ಭಯಪಡಬೇಕಾದುದಿಲ್ಲ. ನಿತ್ಯಹರಿತವೆಂದರೆ ಎಲೆ ಉದುರದ ಮರವೆಂದು ಅರ್ಥವಲ್ಲ. ಕೆಲವು ವರ್ಷ ದುಡಿದ ಎಲೆ ಉದುರಲೇಬೇಕು.

ಹಳೆಯ ಎಲೆಗಳು ಮೊದಲು ಬಿಳಿಚಿಕೊಂಡು ಗಿಡ ಕುಗ್ಗಿದ್ದರೆ ಸಾರಜನಕದ ಕೊರತೆಯಿರಬಹುದು. ಗಿಡವು ಅದನ್ನು ಹಳೆಯ ಎಲೆಯಿಂದ ಹೀರಿ ಹೊಸ ಚಿಗುರಿಗೆ ಸಾಗಿಸುತ್ತದೆ. ಹೊಸ ಚಿಗುರೇ ಹಳದಿಯಾಗಿ ಹಳೆಯ ಎಲೆ ಹಸುರಾಗಿದ್ದರೆ ಕಬ್ಬಿಣಾಂಶ ಸಾಲದೆಂದು ಊಹಿಸಬಹುದು. ಕಬ್ಬಿಣ ಹಾಗೆ ಸಾಗುವುದಿಲ್ಲ. ಆದರೆ ಮಣ್ಣಿನಲ್ಲಿ ಕಬ್ಬಿಣವೇ ಇಲ್ಲವೆಂದಲ್ಲ. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಎರೆದರೆ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣವೂ ಬೇರಿಗೆ ದೊರೆಯದಂತಾಗುತ್ತದೆ. ಅಂಥ ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿರುವುದನ್ನು ಹಲವರು ನೋಡಿರಬಹುದು.

ಬೇಸಗೆಯಲ್ಲಿ ಎಲೆಗಳು ಧೂಳು ಹಿಡಿದಂತೆ ಮಂಕಾಗಿ, ಸಣ್ಣ ಸಣ್ಣ ಹಳದಿ ಚುಕ್ಕೆಗಳು ತೋರಿದರೆ ಜೇಡನುಸಿಯನ್ನು ಸಂದೇಹಿಸಬೇಕು. ಕೊಂಬೆಯ ಕೆಳಗೆ ಬಿಳಿಯ ಕಾಗದವನ್ನು ಹಿಡಿದು ಕೊಡವಿರಿ. ಬಿದ್ದ ಚುಕ್ಕೆಗಳು ನಡೆದಾಡಿದರೆ ಕಳ್ಳ ಸಿಕ್ಕಿದನೆಂದೇ ತಿಳಿಯಿರಿ.

ಇವಾವುವೂ ಅಲ್ಲದೆ ಮಣ್ಣು ಒದ್ದೆಯಾಗಿದ್ದರೂ ಗಿಡ ಬಾಡಿದಂತಿದ್ದರೆ ದೋಷ ಬೇರಿನದು. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಗಟ್ಟಿ ಸಾಯುತ್ತದೆ, ಶಿಲೀಂಧ್ರಗಳು ಅದನ್ನು ಕೊಳೆಯಿಸುತ್ತವೆ. ನೀರಿನ ನಡುವೆಯೇ ಗಿಡ ಬಾಯಾರುತ್ತದೆ. ಇಂಥ ಗಿಡವನ್ನು ಕುಂಡದಿಂದ ಬಿಡಿಸಿ ನೋಡಲು ಅಂಜಬಾರದು. ಆರೋಗ್ಯವಾದ ಬೇರು ಗಟ್ಟಿಯಾಗಿದ್ದು ಅದರ ತುದಿ ಬಿಳುಪಾಗಿರುತ್ತದೆ. ಕೊಳೆತದ್ದು ಕಂದಾಗಿ, ಹಿಸುಕಿದರೆ ಸಿಪ್ಪೆ ಜಾರುತ್ತದೆ. ಪೈನ್ ಗಿಡದ ಬೇರಿನ ಸುತ್ತ ಬಿಳಿಯ ನೂಲಿನಂಥ ಬೂಷ್ಟು ಕಂಡರೆ ತೊಳೆಯಬೇಡಿ; ಅದು ಆಹಾರವನ್ನು ಒದಗಿಸುವ ಮಿತ್ರ.

ಇನ್ನು ಚಿಕಿತ್ಸೆ. ಕೊಳೆತ ಬೇರುಗಳನ್ನು ಕತ್ತರಿಸಿ, ದಪ್ಪ ಮರಳು, ಎಲೆಗೊಬ್ಬರ, ಧೂಳು ಜರಡಿಯಾಡಿದ ಕೆಮ್ಮಣ್ಣು ಬೆರೆಸಿ ಹೊಸದಾಗಿ ನೆಡಬೇಕು. ಉಳಿದ ಬೇರಿಗೆ ಹಿಡಿಸುವಷ್ಟೇ ಕುಂಡ ಸಾಕು. ತಳದಲ್ಲಿ ಜಲ್ಲಿ ಹಾಸಿದರೆ ನೀರು ಬಸಿಯುವುದೆಂಬ ನಂಬಿಕೆ ತಪ್ಪು. ಮೇಲಿನ ಮಣ್ಣು ಪೂರ್ತಿ ತೊಯ್ಯುವವರೆಗೆ ನೀರು ಜಲ್ಲಿಗೆ ಇಳಿಯುವುದಿಲ್ಲ. ಒದ್ದೆಯ ಪದರ ಬೇರಿನ ಮಟ್ಟಕ್ಕೆ ಏರುತ್ತದೆ. ಮಣ್ಣು ಸೋರದಂತೆ ರಂಧ್ರದ ಮೇಲೆ ಒಂದು ಓಡಿನ ಚೂರು ಸಾಕು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಕೂಡದು. ಹೊಸ ಚಿಗುರು ಕಾಣುವವರೆಗೆ ನೆರಳಿನಲ್ಲಿಡಿ, ಗೊಬ್ಬರ ಬೇಡ. ಅಜೀರ್ಣದವನಿಗೆ ಹಬ್ಬದೂಟ ಬಡಿಸುವರೆ?

ಕಬ್ಬಿಣದ ಕೊರತೆಗೆ ಮಳೆನೀರನ್ನು ಹಿಡಿದು ಎರೆಯುವುದು ಮೇಲು. ಬೇಕಾದರೆ ಒಂದು ಲೀಟರ್ ನೀರಿಗೆ ೨ ಗ್ರಾಂ ಅನ್ನಭೇದಿ ಕರಗಿಸಿ, ಒಂದು ಕೊಂಬೆಯ ಮೇಲೆ ಪರೀಕ್ಷಿಸಿ, ಅನಂತರ ಸಂಜೆ ಸಿಂಪಡಿಸಿರಿ. ಸಾರಜನಕದ ಕೊರತೆಗೆ, ಬೇರು ನೆಟ್ಟಗಿದ್ದರೆ, ಹಳೆಯ ಗೊಬ್ಬರವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟರಾಯಿತು. ನುಸಿಗೆ ಎಲೆಯ ಅಡಿಗೆ ತಾಗುವಂತೆ ನೀರನ್ನು ರಭಸವಾಗಿ ಚಿಮ್ಮಿಸಿ, ನಾಲ್ಕೈದು ದಿನಗಳಿಗೊಮ್ಮೆ ಮೂರು ನಾಲ್ಕು ಸಲ ಹೀಗೆ ಮಾಡಬೇಕು. ಸಿಕ್ಕಿದ ಕೀಟನಾಶಕವನ್ನು ಹೊಡೆದರೆ ನುಸಿಯನ್ನು ತಿನ್ನುವ ಕೀಟಗಳೇ ಸತ್ತು ನುಸಿ ಹೆಚ್ಚುವುದುಂಟು.

ಎಲ್ಲಕ್ಕೂ ಮೊದಲು ಎರಡಂಗುಲ ಆಳಕ್ಕೆ ಬೆರಳಿಟ್ಟು ಮಣ್ಣನ್ನು ನೋಡಿರಿ. ಒಂದು ಸಲಕ್ಕೆ ಒಂದೇ ಉಪಚಾರ ಮಾಡಿ ಕಾದಿರಿ.

ಆ ಹಿರಿಯರು ಪ್ರತಿ ಕಾಗದದಲ್ಲಿಯೂ ಗಿಡದ ಕ್ಷೇಮ ಕೇಳುತ್ತಿದ್ದರು. ಎರಡು ಸಲ ಮಾತು ಮರೆಸಿ, ಮೂರನೆಯ ಸಲ ನಿಜವನ್ನೇ ಬರೆದೆವು. ಮುಂದಿನ ಅಂಚೆಯಲ್ಲಿ ಅವರ ಉತ್ತರ ಬಂದಿತು: "ನನ್ನ ಮೊದಲನೆಯ ಗಿಡವೂ ಹಾಗೆಯೇ ಹೋಯಿತು. ಇನ್ನೊಂದನ್ನು ನೆಡಿ." ನೆಟ್ಟಿದ್ದೇವೆ. ಈ ಸಲ ನೀರಿನ ಚೆಂಬನ್ನು ಎತ್ತುವ ಮೊದಲು ಬೆರಳನ್ನು ಮಣ್ಣಿಗಿಡುತ್ತೇವೆ.