ವಾಟ್, ಯೂನಿಟ್, ಸೌರಶಕ್ತಿ: ಪದ ತಿಳಿದು ನಡೆಯೋಣ

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)



ನವೀಕರಿಸಬಹುದಾದ ಶಕ್ತಿ, ತಂತ್ರಜ್ಞಾನ ಮತ್ತು ಪರಿಸರಕ್ಕೆ ಸಂಬಂಧಿಸಿದ ತಾಂತ್ರಿಕ ಪದಗಳನ್ನು ಸರಳವಾಗಿ ವಿವರಿಸಬೇಕೆಂದು ಸಂಘದವರು ನನಗೆ ಸೂಚಿಸಿದ್ದಾರೆ. ಈ ವಿಷಯವನ್ನು ನಾನು ಸಂತೋಷದಿಂದ ಒಪ್ಪಿಕೊಂಡೆ. ಅದಕ್ಕೊಂದು ಕಾರಣವಿದೆ.

ನಾನು ಡಿಪ್ಲೊಮಾ ತರಗತಿಗಳಿಗೆ ಎಲೆಕ್ಟ್ರಿಕಲ್ ವಿಷಯ ಬೋಧಿಸುತ್ತಿದ್ದ ಕಾಲದ ಮಾತು. ಉರ್ದು ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಬಂದಿದ್ದ ಒಬ್ಬ ಹುಡುಗನಿದ್ದ. ಲೆಕ್ಕದಲ್ಲಿ ಚುರುಕು. ಒಂದು ದಿನ ನಾನು ‘ಪವರ್’, ‘ಎನರ್ಜಿ’ ಎಂದು ಬೋರ್ಡಿನ ಮೇಲೆ ಬರೆದಾಗ ಆತ ಎದ್ದು ನಿಂತು, “ಸಾರ್, ಎರಡೂ ಶಕ್ತಿಯೇ ಅಲ್ಲವೇ?” ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನು ಆ ನಗುವನ್ನು ತಡೆಯಲಿಲ್ಲ. ಪಾಠ ಮುಗಿಸುವ ಆತುರದಲ್ಲಿ ಮುಂದೆ ಹೋದೆ. ಅವನು ಮತ್ತೆಂದೂ ಪ್ರಶ್ನೆ ಕೇಳಲಿಲ್ಲ. ಕೆಲವು ತಿಂಗಳ ನಂತರ ಕಾಲೇಜಿಗೆ ಬರುವುದನ್ನೇ ಬಿಟ್ಟ. ನಕ್ಕವರಲ್ಲಿ ಎಷ್ಟು ಮಂದಿಗೆ ಆ ವ್ಯತ್ಯಾಸ ಗೊತ್ತಿತ್ತೆಂದು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನನಗೆ ತಿಳಿಯಿತು. ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪು ಬರೆದಿದ್ದರು. ಅಂದು ಆ ಹುಡುಗನಿಗೆ ಕೊಡದ ಉತ್ತರವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಸಾಮರ್ಥ್ಯ ಮತ್ತು ಶಕ್ತಿ

ದಿನನಿತ್ಯದ ಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಎಲ್ಲವೂ ಒಂದೇ. ವಿಜ್ಞಾನದಲ್ಲಿ ಹಾಗಲ್ಲ. ನಮ್ಮ ಕನ್ನಡ ಪಠ್ಯಪುಸ್ತಕಗಳು ಎನರ್ಜಿಗೆ ‘ಶಕ್ತಿ’ ಎಂದೂ ಪವರ್‌ಗೆ ‘ಸಾಮರ್ಥ್ಯ’ ಎಂದೂ ಹೇಳುತ್ತವೆ. ನಲ್ಲಿ ಮತ್ತು ಬಿಂದಿಗೆಯನ್ನು ನೆನಪಿಗೆ ತಂದುಕೊಳ್ಳಿ. ನಲ್ಲಿಯಲ್ಲಿ ನೀರು ಎಷ್ಟು ಜೋರಾಗಿ ಬರುತ್ತಿದೆ ಎಂಬುದು ಸಾಮರ್ಥ್ಯ. ಬಿಂದಿಗೆಯಲ್ಲಿ ಎಷ್ಟು ನೀರು ತುಂಬಿತು ಎಂಬುದು ಶಕ್ತಿ. ಮೊದಲನೆಯದರ ಅಳತೆ ವಾಟ್. 1000 ವಾಟ್ ಸೇರಿದರೆ ಒಂದು ಕಿಲೋವಾಟ್. ಎರಡನೆಯದರ ಅಳತೆ ಕಿಲೋವಾಟ್-ಅವರ್. ಇದನ್ನೇ ನಾವು ‘ಯೂನಿಟ್’ ಎನ್ನುತ್ತೇವೆ.

1000 ವಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್. 10 ವಾಟ್‌ನ ಎಲ್.ಇ.ಡಿ. ಬಲ್ಬು ನೂರು ಗಂಟೆ ಉರಿದರೂ ಅದೇ ಒಂದು ಯೂನಿಟ್. ಇವತ್ತು ಮನೆಗೆ ಹೋದ ಮೇಲೆ ಬೆಸ್ಕಾಂ ಬಿಲ್ಲನ್ನು ಕೈಗೆತ್ತಿಕೊಳ್ಳಿ. ಮಂಜೂರಾದ ಲೋಡ್ ಕಿಲೋವಾಟ್‌ನಲ್ಲಿರುತ್ತದೆ, ನೀವು ಬಳಸಿದ್ದು ಯೂನಿಟ್‌ನಲ್ಲಿರುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ 200 ಎಂಬ ಸಂಖ್ಯೆ ಎಲ್ಲರ ಬಾಯಲ್ಲೂ ಇತ್ತು. ಅದು 200 ವಾಟ್ ಅಲ್ಲ, ತಿಂಗಳಿಗೆ 200 ಯೂನಿಟ್. ಇಷ್ಟು ತಿಳಿದವರು ತಮ್ಮ ಬಿಲ್ಲನ್ನು ತಾವೇ ಲೆಕ್ಕ ಹಾಕಬಲ್ಲರು.

ಬ್ಯಾಟರಿಯ ಭಾಷೆ

ಪದ ತಿಳಿಯದಿದ್ದರೆ ಆಗುವ ನಷ್ಟ ಪರೀಕ್ಷೆಯ ಅಂಕಗಳಿಗಷ್ಟೇ ಸೀಮಿತವಲ್ಲ. ನನಗೆ ಪರಿಚಯವಿರುವ ಒಬ್ಬ ಟೈಲರ್ ಚೀಟಿ ಎತ್ತಿದ ಹಣದಲ್ಲಿ ಅಂಗಡಿಗೆ ಇನ್ವರ್ಟರ್ ಹಾಕಿಸಿದರು. “ದೊಡ್ಡ ಬ್ಯಾಟರಿ, ಎಲ್ಲಾ ಓಡುತ್ತೆ ಅಂತ ಹೇಳಿದ್ರು ಸಾರ್. ಇಸ್ತ್ರಿ ಹಾಕಿದ ತಕ್ಷಣ ಕುಯ್ಯೋ ಅಂತ ಕೂಗಿ ನಿಂತುಹೋಗುತ್ತೆ” ಎಂದು ನನ್ನಲ್ಲಿಗೆ ಬಂದರು. ಹೋಗಿ ನೋಡಿದೆ. ಇನ್ವರ್ಟರ್ ಮೇಲೆ 850 ವಿ.ಎ. ಎಂದಿತ್ತು. ವಿ.ಎ. ಎಂದರೆ ವೋಲ್ಟ್-ಆಂಪಿಯರ್. ಅಷ್ಟು ವಿ.ಎ. ಇನ್ವರ್ಟರು ಸಾಮಾನ್ಯವಾಗಿ ಕೊಡುವುದು 700 ವಾಟ್‌ನ ಆಸುಪಾಸು. ಅವರ ಇಸ್ತ್ರಿ 1000 ವಾಟ್‌ನದು. ಬ್ಯಾಟರಿ ಎಷ್ಟೇ ದೊಡ್ಡದಿರಲಿ, ಇನ್ವರ್ಟರ್ ಅದನ್ನು ಹೊರಲಾರದು. ಬಿಂದಿಗೆ ದೊಡ್ಡದು, ನಲ್ಲಿ ಸಣ್ಣದು.

ಬ್ಯಾಟರಿಯ ಮೇಲಿರುವ ‘ಎ.ಎಚ್.’ ಎಂದರೆ ಆಂಪಿಯರ್-ಅವರ್. 12 ವೋಲ್ಟ್‌ನ 150 ಎ.ಎಚ್. ಬ್ಯಾಟರಿಯಾದರೆ ಎರಡನ್ನೂ ಗುಣಿಸಿ: 1800 ವಾಟ್-ಅವರ್, ಅಂದರೆ 1.8 ಯೂನಿಟ್. ಎರಡು ಹೊಲಿಗೆ ಯಂತ್ರ, ಒಂದು ಫ್ಯಾನು, ದೀಪಗಳು ಸೇರಿ 300 ವಾಟ್ ಆದರೆ ಕಾಗದದ ಮೇಲೆ ಆರು ಗಂಟೆ ನಡೆಯಬೇಕು. ನಷ್ಟಗಳನ್ನು ಕಳೆದರೆ ನಾಲ್ಕು ಗಂಟೆ ಎಂದು ಹಿಡಿಯಿರಿ. ಒಂದು ಗುಣಾಕಾರ, ಒಂದು ಭಾಗಾಕಾರ ಅಷ್ಟೇ. ಅದನ್ನು ಕೊಳ್ಳುವ ಮೊದಲು ಮಾಡಿದ್ದರೆ ಆ ಮನುಷ್ಯನ ಚೀಟಿ ಹಣ ಉಳಿಯುತ್ತಿತ್ತು. ಎಸ್.ಪಿ. ರಸ್ತೆಗೆ ಸಾಮಾನು ಕೊಳ್ಳಲು ಹೋಗುವ ಮೊದಲು ಈ ಲೆಕ್ಕವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.

ಮಾಳಿಗೆಯ ಮೇಲಿನ ಸೂರ್ಯ

ಬೆಂಗಳೂರಿನ ಮಾಳಿಗೆಗಳ ಮೇಲೆ ಎರಡು ಬಗೆಯ ಸೌರ ಸಾಧನಗಳಿವೆ. ಒಂದು, ಗಾಜಿನ ಕೊಳವೆ ಅಥವಾ ಕಪ್ಪು ಹಲಗೆ ಮತ್ತು ಮೇಲೊಂದು ಟ್ಯಾಂಕು ಇರುವ ವಾಟರ್ ಹೀಟರ್. ಇದು ಬಿಸಿಲಿನ ಶಾಖವನ್ನು ನೀರಿಗೆ ಕೊಡುತ್ತದೆ, ವಿದ್ಯುತ್ ತಯಾರಿಸುವುದಿಲ್ಲ. ಇದು ಸೌರ ಉಷ್ಣ ವಿಧಾನ. ಇನ್ನೊಂದು ಸಿಲಿಕಾನ್ ಕೋಶಗಳ ನೀಲಿ ಅಥವಾ ಕಪ್ಪು ಹಲಗೆ. ಇದು ಬೆಳಕನ್ನು ನೇರವಾಗಿ ವಿದ್ಯುತ್ತಾಗಿ ಬದಲಿಸುತ್ತದೆ. ಇದನ್ನು ದ್ಯುತಿ ವಿದ್ಯುತ್ ಕೋಶ ಎನ್ನುತ್ತೇವೆ. ಇದರಿಂದ ಬರುವುದು ನೇರ ವಿದ್ಯುತ್, ಅಂದರೆ ಡಿ.ಸಿ. ನಮ್ಮ ಮನೆಯಲ್ಲಿರುವುದು ಪರ್ಯಾಯ ವಿದ್ಯುತ್, ಅಂದರೆ ಎ.ಸಿ. ಒಂದನ್ನು ಇನ್ನೊಂದಾಗಿಸುವ ಯಂತ್ರವೇ ಇನ್ವರ್ಟರ್.

ಒಂದು ಕಿಲೋವಾಟ್ ಸೌರ ಹಲಗೆ ನಮ್ಮ ಊರಿನ ಬಿಸಿಲಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಮೂರು ಕಿಲೋವಾಟ್‌ಗೆ ಹನ್ನೆರಡು ಯೂನಿಟ್. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನ ನಿಗದಿಯಾಯಿತು. ಆದರೆ ಸಹಿ ಹಾಕುವ ಮೊದಲು ಇನ್ನೊಂದು ಪದ ತಿಳಿದಿರಲಿ: ‘ಆನ್‌ಗ್ರಿಡ್’. ಗ್ರಿಡ್ ಎಂದರೆ ವಿದ್ಯುತ್ ಜಾಲ. ಬ್ಯಾಟರಿ ಇಲ್ಲದೆ ಜಾಲಕ್ಕೆ ಜೋಡಿಸಿದ ಸೌರ ವ್ಯವಸ್ಥೆ ಬೀದಿಯಲ್ಲಿ ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ, ನಡುಮಧ್ಯಾಹ್ನದ ಬಿಸಿಲಿದ್ದರೂ ಕೂಡ. “ಮೋಸ ಮಾಡಿದರು” ಎಂದು ಕೆಲವರು ಸಿಟ್ಟಾಗುತ್ತಾರೆ. ಇದು ಮೋಸವಲ್ಲ. ಕರೆಂಟು ತೆಗೆದು ಕಂಬ ಹತ್ತಿರುವ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯಿಂದ ವಿದ್ಯುತ್ ಹರಿಯಬಾರದೆಂದು ಮಾಡಿದ ರಕ್ಷಣೆ. ಒಂದು ಪದದ ಹಿಂದೆ ಒಬ್ಬ ಮನುಷ್ಯನ ಪ್ರಾಣವಿದೆ.

ಸ್ಥಾಪಿತ ಸಾಮರ್ಥ್ಯ ಎಂದರೇನು?

ಪತ್ರಿಕೆಗಳಲ್ಲಿ ‘ಇಷ್ಟು ಮೆಗಾವಾಟ್ ಯೋಜನೆ’ ಎಂದು ಓದುತ್ತೇವೆ. ಮೆಗಾವಾಟ್ ಎಂದರೆ ಸಾವಿರ ಕಿಲೋವಾಟ್. ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕ್ 2050 ಮೆಗಾವಾಟ್‌ನದು. ರಾಯಚೂರಿನ ಕಲ್ಲಿದ್ದಲು ಸ್ಥಾವರ 1720 ಮೆಗಾವಾಟ್‌ನದು. ಹಾಗಾದರೆ ಪಾವಗಡವೇ ಹೆಚ್ಚು ವಿದ್ಯುತ್ ಕೊಡುತ್ತದೆಯೇ? ಲೆಕ್ಕ ಮಾಡೋಣ. 2050 ಮೆಗಾವಾಟ್ ಇಪ್ಪತ್ನಾಲ್ಕು ಗಂಟೆಯೂ ಪೂರ್ತಿ ಓಡಿದರೆ ದಿನಕ್ಕೆ ಸುಮಾರು 4.9 ಕೋಟಿ ಯೂನಿಟ್. ಆದರೆ ರಾತ್ರಿ ಸೂರ್ಯನಿಲ್ಲ, ಬೆಳಿಗ್ಗೆ ಸಂಜೆ ಬಿಸಿಲು ಎಳೆಯದು, ಮಳೆಗಾಲದಲ್ಲಿ ಮೋಡ. ಸೌರ ಸ್ಥಾವರದಿಂದ ಸಿಗುವುದು ಸ್ಥಾಪಿತ ಸಾಮರ್ಥ್ಯದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ, ಅಂದರೆ ಒಂದು ಕೋಟಿಗೆ ಸ್ವಲ್ಪ ಹೆಚ್ಚು. ರಾಯಚೂರಿನ ಸ್ಥಾವರ ಮುಕ್ಕಾಲು ಪಾಲು ಓಡಿದರೆ ಮೂರು ಕೋಟಿ ದಾಟುತ್ತದೆ. ಈ ಪಾಲನ್ನೇ ‘ಸಾಮರ್ಥ್ಯ ಬಳಕೆಯ ಪ್ರಮಾಣ’ ಎನ್ನುತ್ತಾರೆ.

ಇದರಿಂದ ಸೌರಶಕ್ತಿ ಕೀಳೆಂದು ತಿಳಿಯಬೇಡಿ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಿದರೆ ಸುಮಾರು ಒಂದು ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಸೌರ ಹಲಗೆ ಏನನ್ನೂ ಉರಿಸುವುದಿಲ್ಲ.

ನವೀಕರಿಸಬಹುದಾದದ್ದು, ಸುಸ್ಥಿರವಾದದ್ದು

‘ಇಂಧನ’ ಎಂಬ ಸಂಸ್ಕೃತ ಪದದ ಮೂಲ ಅರ್ಥ ಉರಿಸುವ ಸೌದೆ. ಬಿಸಿಲು, ಗಾಳಿಗಳನ್ನು ಯಾರೂ ಉರಿಸುವುದಿಲ್ಲವಾದ್ದರಿಂದ ‘ನವೀಕರಿಸಬಹುದಾದ ಶಕ್ತಿ’ ಎನ್ನುವುದು ಹೆಚ್ಚು ಸರಿ. ಕಲ್ಲಿದ್ದಲು, ಪೆಟ್ರೋಲು ತಾತ ಬಿಟ್ಟುಹೋದ ಆಸ್ತಿಯಿದ್ದಂತೆ, ಖರ್ಚು ಮಾಡಿದಷ್ಟೂ ಕರಗುತ್ತದೆ. ಬಿಸಿಲು, ಗಾಳಿ, ಹರಿಯುವ ನೀರು ತಿಂಗಳ ಸಂಬಳದಂತೆ, ಮತ್ತೆ ಬರುತ್ತದೆ.

ಮತ್ತೆ ಬರುವುದೆಲ್ಲ ಯಾರಿಗೂ ತೊಂದರೆ ಕೊಡದು ಎಂದಲ್ಲ. ಶರಾವತಿಯ ನೀರು ಪ್ರತಿ ಮಳೆಗಾಲ ಬರುತ್ತದೆ. ಆದರೆ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಮುಳುಗಿದ ಹಳ್ಳಿಗಳು ಮತ್ತೆ ಬರಲಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆ ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಆರಂಭಿಸಿ ರೈತರ ಒಡೆತನ ಉಳಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿಯಿಲ್ಲದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಇಂದಿನ ಅಗತ್ಯ ಪೂರೈಸುತ್ತಾ ನಾಳಿನವರ ಪಾಲನ್ನೂ ಬಡವರ ಪಾಲನ್ನೂ ಕಾಯ್ದರೆ ಮಾತ್ರ ಅದು ‘ಸುಸ್ಥಿರ’. ಈ ಎರಡು ಪದಗಳನ್ನು ಒಂದರ ಬದಲು ಇನ್ನೊಂದನ್ನು ಬಳಸಬಾರದು.

ದಕ್ಷತೆ

ಕೊಟ್ಟದ್ದರಲ್ಲಿ ಕೆಲಸಕ್ಕೆ ಬಂದ ಪಾಲೇ ದಕ್ಷತೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದು ಭಾಗದಷ್ಟೇ ಪಾತ್ರೆಗೆ ತಲುಪುತ್ತದೆ. ಉಳಿದದ್ದು ಹೊಗೆಯ ಜೊತೆ ತಾಯಂದಿರ ಕಣ್ಣಿಗೆ, ಎದೆಗೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ ಈ ಪಾಲನ್ನು ಮೂರು ಪಟ್ಟು ಹೆಚ್ಚಿಸಿತು.

ಇನ್ನೊಂದು ಉದಾಹರಣೆ ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಉಪ್ಪಾರಪೇಟೆಯ ಪಕ್ಕದ ಕೆಂಪೇಗೌಡ ಬಸ್ ನಿಲ್ದಾಣ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆ. ಮಳೆ ನೀರು ತಾನೇ ಹರಿದು ಬಂದು ತುಂಬುತ್ತಿತ್ತು. ಈಗ ನಮ್ಮ ನಲ್ಲಿಯ ನೀರು ನೂರು ಕಿಲೋಮೀಟರ್ ಆಚೆಯ ಕಾವೇರಿಯಿಂದ ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಏರಿಸಲು ಕನಿಷ್ಠ 1.36 ಯೂನಿಟ್ ಬೇಕು. ಎಸ್.ಎಸ್.ಎಲ್.ಸಿ. ಮಕ್ಕಳು ರಾಶಿ, ಗುರುತ್ವ, ಎತ್ತರ ಗುಣಿಸಿ ನೋಡಬಹುದು. ಪಂಪಿನ ದಕ್ಷತೆ ನೂರಕ್ಕೆ ನೂರು ಇರದ ಕಾರಣ ಖರ್ಚು ಎರಡು ಯೂನಿಟ್ ಹತ್ತಿರ ಹೋಗುತ್ತದೆ. ನಲ್ಲಿ ಸೋರಿದರೆ ಕರೆಂಟೂ ಸೋರುತ್ತದೆ.

ಪದಗಳಿಗೆ ಹೆದರಬೇಡಿ

ವಿದ್ಯಾರ್ಥಿ ಮಿತ್ರರೇ, ಇವು ಯಾರದೋ ಪದಗಳು, ನಮ್ಮವಲ್ಲ ಎಂಬ ಅಳುಕು ಬೇಡ. ಸೌರ ಹಲಗೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಕೋನಕ್ಕೆ ಎಂಜಿನಿಯರುಗಳು ‘ಅಜಿಮತ್’ ಎನ್ನುತ್ತಾರೆ. ಅದರ ಮೂಲ ಅರಬ್ಬಿಯ ‘ಸಮ್ತ್’, ಅಂದರೆ ದಾರಿ, ದಿಕ್ಕು. ಉರ್ದುವಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ನಡುನೆತ್ತಿಗೆ ಹೇಳುವ ‘ಜೆನಿತ್’ ಕೂಡ ಅದೇ ಮೂಲದ್ದು. ಚಿತ್ರದುರ್ಗ, ಗದಗಿನ ಗಾಳಿಯಂತ್ರಗಳನ್ನು ಜೋರಾಗಿ ತಿರುಗಿಸುವ ‘ಮಾನ್ಸೂನ್’ ಎಂಬ ಹೆಸರು ‘ಮೌಸಮ್’ನ ಬಂಧು. ನಿಮ್ಮ ಅಜ್ಜಿಯ ಬಾಯಲ್ಲಿದ್ದ ಪದವೇ ಲೋಕ ಸುತ್ತಿ ಪಠ್ಯಪುಸ್ತಕಕ್ಕೆ ಬಂದು ಕೂತಿದೆ. ಕನ್ನಡದ್ದೋ ಇಂಗ್ಲಿಷಿನದ್ದೋ ಅರಬ್ಬಿಯದ್ದೋ, ಅರ್ಥ ತಿಳಿದವರಿಗೆ ಪದ ಸ್ವಂತವಾಗುತ್ತದೆ.

ಕೊನೆಯದಾಗಿ ಒಂದು ಸಲಹೆ. ಒಂದು ನೋಟ್‌ಬುಕ್ ಇಡಿ. ಹೊಸ ಪದ ಬಂದಾಗ ಮೂರು ಸಂಗತಿ ಬರೆಯಿರಿ: ಅದರ ಅರ್ಥ ನಿಮ್ಮ ಮಾತಿನಲ್ಲಿ, ಅದರ ಅಳತೆ, ಮತ್ತು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಸಿಗುವ ಒಂದು ಉದಾಹರಣೆ. ಮೂರನೆಯದನ್ನು ಬರೆಯಲಾಗದಿದ್ದರೆ ಪದ ಇನ್ನೂ ತಿಳಿದಿಲ್ಲವೆಂದೇ ಅರ್ಥ. ಆಗ ಎದ್ದು ನಿಂತು ಕೇಳಿ. ಪಕ್ಕದವರು ಕೇಳಿದಾಗ ನಗಬೇಡಿ. ಇಲ್ಲಿರುವ ಅಧ್ಯಾಪಕ ಬಂಧುಗಳಲ್ಲೂ ನನ್ನ ವಿನಂತಿ ಇದೇ: ಆ ನಗುವನ್ನು ತಡೆಯಿರಿ. “ಎರಡೂ ಶಕ್ತಿಯೇ ಅಲ್ಲವೇ?” ಎಂಬುದು ಒಳ್ಳೆಯ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಹೇಳಲು ಐದು ನಿಮಿಷ ಸಾಕಿತ್ತು.